ಹಾಜರಿ ಪುಸ್ತಕ ಮತ್ತು ಮಳೆ ಲೆಕ್ಕ
(ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಹವಾಮಾನ ಬದಲಾವಣೆಯ ಪಾಠ ತೆಗೆದರೆ ಮೊದಲು ಕಾಣುವ ಚಿತ್ರ ಹಿಮಕರಡಿಯದು. ಕರಗುತ್ತಿರುವ ಮಂಜುಗಡ್ಡೆಯ ಮೇಲೆ ಅದು ಒಂಟಿಯಾಗಿ ನಿಂತಿರುತ್ತದೆ. ಪಾಪ ಅನ್ನಿಸುತ್ತದೆ, ಪುಟ ತಿರುವುತ್ತೇವೆ. ನಮ್ಮ ಸೀಮೆಯಲ್ಲೂ ಕರಡಿ ಇದೆ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಧಾಮದಲ್ಲಿ. ಅದರ ಕಾಡಿನಲ್ಲಿ ಹಣ್ಣು ಯಾವಾಗ ಬಿಟ್ಟಿತು, ಬಿಡದೆ ಹೋದ ವರ್ಷ ಅದು ಯಾರ ಹೊಲಕ್ಕೆ ಇಳಿಯಿತು ಅನ್ನುವುದು ನಮ್ಮ ಯಾವ ಪಠ್ಯದಲ್ಲೂ ಇಲ್ಲ. ದೂರದ ಕರಡಿಗೆ ಮರುಗುವುದನ್ನು ಕಲಿಸಿದ್ದೇವೆ, ಹತ್ತಿರದ್ದರ ಲೆಕ್ಕ ಇಡುವುದನ್ನು ಕಲಿಸಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಲೆಕ್ಕದ ಸುತ್ತಲೇ ಇರುತ್ತದೆ.

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ಹವಾಮಾನದ ಒಳ್ಳೆಯ ದಾಖಲೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಶಾಲೆಯ ಕಪಾಟು ತೆಗೆದು ಹಳೆಯ ಹಾಜರಿ ಪುಸ್ತಕ ತೋರಿಸುತ್ತೇನೆ. ಮುಂಗಾರು ಕೈಕೊಟ್ಟ ವರ್ಷ ಅದರ ಪುಟಗಳೇ ಬೇರೆ ಥರ ಇರುತ್ತವೆ. ದೀಪಾವಳಿ ಕಳೆಯುತ್ತಿದ್ದಂತೆ ತಾಂಡಾದ ಮಕ್ಕಳ ಹೆಸರಿನ ಮುಂದೆ ಗೈರಿನ ಗುರುತು ಶುರುವಾಗುತ್ತದೆ, ಯುಗಾದಿಯ ತನಕ ಎಳೆಯುತ್ತದೆ. ಮನೆಗೆ ಬೀಗ, ಮುದುಕಿಯೊಬ್ಬಳ ಕಾವಲು. ಉಳಿದವರೆಲ್ಲ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ, ಮಂಡ್ಯದ ಕಬ್ಬಿನ ಗದ್ದೆಗೋ, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗಿರುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಆ ವರ್ಷದ ಹಾಜರಿ ಪುಸ್ತಕವನ್ನು ಅದರ ಹಿಂದಿನ ವರ್ಷದ್ದರ ಪಕ್ಕ ಇಟ್ಟು ನೋಡಿ.

ಬರ ನಮಗೆ ಹೊಸತಲ್ಲ, ಅದನ್ನೂ ಹೇಳಿಬಿಡಬೇಕು. 1876ರ ಧಾತು ಸಂವತ್ಸರದ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ಇಂಗಾಲದ ಮಾತಿರಲಿಲ್ಲ. ಹಾಗಾಗಿ ಪ್ರತಿ ಬರಗಾಲವನ್ನೂ ಹವಾಮಾನ ಬದಲಾವಣೆಯ ಖಾತೆಗೆ ಬರೆಯುವುದು ಸರಿಯಲ್ಲ. ಆದರೆ ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ 2024 ದಾಖಲೆಯಲ್ಲೇ ಅತಿ ಬಿಸಿಯಾದ ವರ್ಷ. ಕೈಗಾರಿಕೆಗಳು ಬೆಳೆಯುವ ಮುಂಚಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಮೊದಲೇ ಒಣಗಿದ ಸೀಮೆಗೆ ಇದರ ಪೆಟ್ಟು ಹೇಗೆ ಬೀಳುತ್ತದೆ ಎಂದು ತಿಳಿಯಬೇಕಾದರೆ ಊರಿನ ಲೆಕ್ಕ ಬೇಕು. ಸರ್ಕಾರದ ಕಡತ ನಂಬಿ ಕೂರುವಂತಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನಮ್ಮ ಕಾಗದಗಳೂ ನಮ್ಮ ಹಾಗೆಯೇ ಬಸ್ಸು ಬದಲಿಸಿ ಬದಲಿಸಿ ಸುಸ್ತಾಗಿರಬೇಕು. ಶಾಲೆ ಮಾತ್ರ ಇದ್ದಲ್ಲೇ ಇದೆ.

ಈಗ ವಿಷಯಕ್ಕೆ ಬರೋಣ. ಹವಾಮಾನದ ಕೆಲಸದಲ್ಲಿ ಮಕ್ಕಳು ಮುಂದೆ ನಿಂತರೆ ಶಾಲೆ ಹೇಗೆ ಬೆನ್ನಿಗೆ ನಿಲ್ಲಬೇಕು? 2018ರ ಆಗಸ್ಟ್ 20ರಂದು ಸ್ವೀಡನ್ನಿನ ಸಂಸತ್ತಿನ ಹೊರಗೆ ಶಾಲೆ ಬಿಟ್ಟು ಕೂತ ಗ್ರೆತಾ ಥುನ್‌ಬರ್ಗ್ ಎಲ್ಲರಿಗೂ ಗೊತ್ತು. ಮರುವರ್ಷದ ಹೊತ್ತಿಗೆ ಲೋಕದ ತುಂಬ ಮಕ್ಕಳು ಶುಕ್ರವಾರ ತರಗತಿ ಬಿಟ್ಟು ಬೀದಿಗೆ ಬಂದರು, ಬೆಂಗಳೂರಿನಲ್ಲೂ ಬಂದರು. ಆ ಹುಡುಗಿಯ ಧೈರ್ಯದ ಬಗ್ಗೆ ನನಗೆ ಗೌರವ ಇದೆ. ಆ ದಾರಿ ಮಾತ್ರ ನಮ್ಮ ಊರಿಗೆ ಹೊಂದುವುದಿಲ್ಲ. ನಮ್ಮ ಮಗು ಶಾಲೆ ಬಿಟ್ಟರೆ ಅದರಲ್ಲಿ ಯಾರಿಗೂ ಪ್ರತಿಭಟನೆ ಕಾಣುವುದಿಲ್ಲ, ಬರ ಬಂದಾಗ ಅದು ಹೇಗೂ ಶಾಲೆ ಬಿಟ್ಟಿರುತ್ತದೆ. ಶಾಲೆಯಲ್ಲಿ ಬಿಸಿಯೂಟ ಇದೆ, ಮೊಟ್ಟೆ ಇದೆ, ರಾಗಿ ಮಾಲ್ಟ್ ಇದೆ. ಅದನ್ನು ಬಿಟ್ಟು ಬಾ ಎಂದು ಯಾವ ಬಾಯಿಂದ ಹೇಳುವುದು? ನಮ್ಮಲ್ಲಿ ಮಗು ಶಾಲೆಯಲ್ಲಿ ಉಳಿಯುವುದೇ ಮೊದಲ ಹೋರಾಟ. ಉಳಿದದ್ದೆಲ್ಲ ಶಾಲೆಯ ಒಳಗಿನಿಂದಲೇ ಆಗಬೇಕು.

ಒಳಗೆ ಏನೇನು ಆಗಿದೆ ಎಂದು ನೋಡಿದರೆ ಆದೇಶಗಳಿಗೆ ಬರವಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರ ನವೆಂಬರ್‌ನಲ್ಲೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಅಂದಿತು. 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಬಂತು, ಶಾಲೆಗಳಲ್ಲಿ ಇಕೋ ಕ್ಲಬ್ಬು ಹುಟ್ಟಿದವು. ಪರಿಸರ ದಿನವಾದ ಜೂನ್ 5ರಂದು ಏನಾಗುತ್ತದೆ ಎಂದು ಇಲ್ಲಿ ಕೂತ ಮಕ್ಕಳನ್ನೇ ಕೇಳಿ. ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ. ಅತಿಥಿಗಳು ಸಲಿಕೆ ಹಿಡಿಯುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಸಸಿ ಆಡಿಗೆ. ಇದರಲ್ಲಿ ಮಗು ತಾನಾಗಿ ಮಾಡಿದ್ದು ಏನೂ ಇಲ್ಲ.

ಇದಕ್ಕಿಂತ ದೊಡ್ಡ ಪಾಠ ‘ಸುವರ್ಣ ಜಲ’ದ್ದು. 2006ರಲ್ಲಿ, ಸುವರ್ಣ ಕರ್ನಾಟಕದ ಸಂಭ್ರಮದ ಹೊತ್ತಿಗೆ, ರಾಜ್ಯ ಸರ್ಕಾರ 23,683 ಗ್ರಾಮೀಣ ಶಾಲೆಗಳ ಚಾವಣಿಯಿಂದ ಮಳೆನೀರು ಹಿಡಿಯುವ ಯೋಜನೆ ತಂದಿತು. ಯೋಚನೆ ಬಹಳ ಚೆನ್ನಾಗಿತ್ತು, ನಮ್ಮ ಕಡೆಗಂತೂ ಬೇಕೇ ಬೇಕಿತ್ತು. ನಮ್ಮ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು ನೋಡಿದರೆ ಸಾಕು. ಮಳೆನೀರಿನಲ್ಲಿ ಆ ಕಾಟ ಇಲ್ಲ. ಲೆಕ್ಕ ಹಾಕಿ ನೋಡಿ ಮಕ್ಕಳೆ, ಏಳನೇ ತರಗತಿಯ ಗಣಿತ ಸಾಕು. ನೂರು ಚದರ ಮೀಟರ್ ಚಾವಣಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿತ್ತು ಎಂದುಕೊಳ್ಳಿ. ಗುಣಿಸಿದರೆ 60,000 ಲೀಟರ್. ಐದರಲ್ಲಿ ಒಂದು ಪಾಲು ಸೋರಿ, ಆರಿ, ಚೆಲ್ಲಿ ಹೋಗಲಿ, 48,000 ಲೀಟರ್ ಉಳಿಯಿತು. ನೂರೈವತ್ತು ಮಕ್ಕಳು ದಿನಕ್ಕೆ ಎರಡೆರಡು ಲೀಟರ್ ಕುಡಿದರೆ 160 ದಿನ ಬಂತು. ಅಷ್ಟನ್ನೂ ಒಟ್ಟಿಗೆ ಹಿಡಿದಿಡುವ ತೊಟ್ಟಿ ಯಾವ ಶಾಲೆಯಲ್ಲೂ ಇರುವುದಿಲ್ಲ, ಮಳೆಯೂ ಒಂದೇ ಸಲ ಬೀಳುವುದಿಲ್ಲ. ಅರ್ಧ ಸಿಕ್ಕರೂ ಕಡಿಮೆಯೇ?

ಹೀಗಿದ್ದೂ ಬಹಳಷ್ಟು ಕಡೆ ಅದು ಕೆಲಸಕ್ಕೆ ಬರಲಿಲ್ಲ ಎಂದು ಆಮೇಲಿನ ಸಮೀಕ್ಷೆಗಳು ಹೇಳಿದವು. ಎಷ್ಟೋ ಶಾಲೆಗಳ ಮೂಲೆಯಲ್ಲಿ ಇವತ್ತಿಗೂ ಒಡೆದ ಪೈಪು, ಮುಚ್ಚಳ ಇಲ್ಲದ ತೊಟ್ಟಿ ಕಾಣುತ್ತವೆ. ಗುತ್ತಿಗೆದಾರ ಬಂದ, ಪೈಪು ಜೋಡಿಸಿದ, ಬಿಲ್ಲು ತೆಗೆದುಕೊಂಡು ಹೋದ. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಚಾವಣಿಯ ಧೂಳು, ಪಾರಿವಾಳದ ಹಿಕ್ಕೆ ಅದರ ಜೊತೆ ಹೋಗಬೇಕು, ಆಮೇಲೆ ವಾಲ್ವ್ ತಿರುಗಿಸಿ ತೊಟ್ಟಿಗೆ ಬಿಡಬೇಕು. ಮಳೆ ಬಂದಾಗ ಓಡಿ ಹೋಗಿ ವಾಲ್ವ್ ತಿರುಗಿಸುವವರು ಯಾರು? ಹೆಡ್‌ಮಾಸ್ತರರು ತಾಲ್ಲೂಕು ಮೀಟಿಂಗಿನಲ್ಲಿ. ಓಡುವ ಕಾಲು ಇದ್ದದ್ದು ಮಕ್ಕಳಿಗೆ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಕ್ಕಳನ್ನು ಫಲಾನುಭವಿಗಳ ಪಟ್ಟಿಯಲ್ಲಿ ಬರೆದರು, ಉಸ್ತುವಾರಿಯ ಪಟ್ಟಿಯಲ್ಲಿ ಬರೆಯಲಿಲ್ಲ. ಆ ಯೋಜನೆಯ ಕತೆಯಿಂದ ನಾನು ಕಲಿತದ್ದು ಇಷ್ಟು.

ಹಾಗಾದರೆ ಮಕ್ಕಳ ಕೈಗೆ ಏನು ಕೊಡಬೇಕು? ಮೊದಲು ಒಂದು ಮಳೆಮಾಪಕ. ಕೊಳ್ಳುವುದೇನೂ ಬೇಡ. ಗೋಡೆ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ತಂದು ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿ. ತಳದ ಡೊಂಕು ಮುಚ್ಚುವಷ್ಟು ಕಲ್ಲು ಹಾಕಿ ನೀರು ತುಂಬಿ, ಅಲ್ಲಿಂದ ಸೊನ್ನೆ ಗುರುತು ಮಾಡಿ ಅಳತೆಪಟ್ಟಿ ಅಂಟಿಸಿ. ಮರದ ಕೆಳಗೆ, ಸೂರಿನ ಕೆಳಗೆ ಇಡಬಾರದು. ಬೆಳಿಗ್ಗೆ ಎಂಟೂವರೆಗೆ ಓದಬೇಕು, ಹವಾಮಾನ ಇಲಾಖೆಯವರು ಓದುವುದೂ ಅದೇ ಹೊತ್ತಿಗೆ. ತೊಡಕು ಇರುವುದು ಭಾನುವಾರ ಮತ್ತು ದಸರೆ ರಜೆಯಲ್ಲಿ. ಶಾಲೆಯ ಹತ್ತಿರ ಮನೆ ಇರುವ ಮಕ್ಕಳ ಪಾಳಿ ಹಾಕಬೇಕು, ಗೇಟಿಗೆ ಬೀಗ ಇದ್ದರೆ ಬೀಗದ ಕೈ ಮಕ್ಕಳಿಗೆ ಕೊಡಬೇಕು. ಶಾಲೆ ಕೊಡಬಹುದಾದ ಬೆಂಬಲದಲ್ಲಿ ಇದು ಸಣ್ಣದಲ್ಲ, ನೆನಪಿರಲಿ. ಬೀಗದ ಕೈ ಕೊಡುವುದೆಂದರೆ ನಂಬುವುದು.

ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕ ಇದೆಯಲ್ಲ, ಮತ್ತೆ ಬಾಟಲಿ ಯಾಕೆ ಎಂದು ಕೇಳಬಹುದು. ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದು ಕೊಂಬಿಗೆ ಬಿಸಿಲು ಎನ್ನುವ ಊರು ನಮ್ಮದು. ಪಂಚಾಯಿತಿ ಕಟ್ಟಡದ ಮೇಲೆ ಬಿದ್ದ ಮಳೆ ತಾಂಡಾದ ಮಸಾರಿ ಹೊಲಕ್ಕೆ ಬಿದ್ದಿರುವುದಿಲ್ಲ. ಎರಡೂ ಲೆಕ್ಕ ಪಕ್ಕಪಕ್ಕ ಇದ್ದರೆ ತಿಳಿಯುತ್ತದೆ. ಮೂರನೆಯ ಲೆಕ್ಕವೂ ಇದೆ, ಅಜ್ಜ ಅಜ್ಜಿಯರದು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಅವರು ಬೆರಳು ಮಡಿಸಿ ಹೇಳುತ್ತಾರೆ. ಯಾವ ಮಳೆಗೆ ಯಾವ ಬಿತ್ತನೆ, ಯಾವ ಮಳೆ ಹೋದರೆ ಯಾವ ಬೆಳೆ ಕೈಬಿಡಬೇಕು, ಎಲ್ಲ ಅವರಿಗೆ ಬಾಯಿಪಾಠ. ಮಕ್ಕಳು ಮಿಲಿಮೀಟರನ್ನು ನಕ್ಷತ್ರದ ಹೆಸರಿನ ಎದುರು ಬರೆಯುತ್ತ ಹೋಗಲಿ. ಐದಾರು ವರ್ಷ ತುಂಬಿದರೆ, ಅಜ್ಜ ಹೇಳಿದ ರೋಹಿಣಿ ಈಗಲೂ ಅದೇ ರೋಹಿಣಿಯೇ ಎಂದು ಅಂಕಿ ಇಟ್ಟು ಮಾತಾಡಬಹುದು. ಮೈಲಾರದ ಜಾತ್ರೆಯಲ್ಲಿ ಮಳೆ-ಬೆಳೆಯ ಭವಿಷ್ಯ ನುಡಿಯುವ ಕಾರಣಿಕ ಕೇಳಲು ಅಷ್ಟು ಜನ ಸೇರುತ್ತೇವೆ. ಗೊರವಯ್ಯ ನುಡಿದ ಒಂದು ಸಾಲಿಗೆ ವರ್ಷವಿಡೀ ಅರ್ಥ ಹಚ್ಚುತ್ತೇವೆ. ಮಳೆಯ ಬಗ್ಗೆ ಇಷ್ಟು ಕುತೂಹಲ ಇರುವ ಸೀಮೆಯಲ್ಲಿ ಬಿದ್ದ ಮಳೆಯನ್ನು ಬರೆದಿಡುವ ಶಾಲೆ ಬೇಡವೆ?

ಇನ್ನು ಬಿಸಿಲು. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಮಾರ್ಚಿ ತಿಂಗಳ ಪರೀಕ್ಷೆಗೆ ಕೂತ ಮಗುವಿನ ತಲೆಯ ಮೇಲೆ ತಗಡು ಇದ್ದರೆ? ಮೂರು ಥರ್ಮಾಮೀಟರ್ ತನ್ನಿ. ಒಂದು ತಗಡಿನ ಕೋಣೆಗೆ, ಒಂದು ಆರ್‌ಸಿಸಿ ಕೋಣೆಗೆ, ಒಂದು ಬೇವಿನ ಮರದ ನೆರಳಿಗೆ. ಮಧ್ಯಾಹ್ನ ಹನ್ನೆರಡಕ್ಕೆ, ಮೂರಕ್ಕೆ ಮಕ್ಕಳು ಬರೆಯಲಿ. ತಗಡಿಗೆ ಸುಣ್ಣ ಬಳಿದು ಮತ್ತೆ ಬರೆಯಲಿ. ಎಷ್ಟು ಇಳಿಯಿತು ಎಂದು ನಾನು ಹೇಳುವುದಿಲ್ಲ, ಅವರೇ ಹೇಳಲಿ. ಉಪ್ಪಿನಂಗಡಿಯ ಶಾಲೆಯೊಂದರಲ್ಲಿ ಮಕ್ಕಳು ನೀರು ಕುಡಿಯಲೆಂದು ಬಾರಿಸಿದ ಗಂಟೆ 2019ರಲ್ಲಿ ರಾಜ್ಯಕ್ಕೆಲ್ಲ ‘ನೀರಿನ ಗಂಟೆ’ಯಾಗಿ ಬಂತು. ಒಂದು ಶಾಲೆಯಲ್ಲಿ ಶುರುವಾದದ್ದು ಸುತ್ತೋಲೆಯಾಗಬಲ್ಲದು. ಸುತ್ತೋಲೆಯಿಂದ ಶುರುವಾದದ್ದು ಶಾಲೆಯಲ್ಲಿ ಬೇರು ಬಿಡುವುದು ಅಪರೂಪ.

ಪೋಲಾಗುವ ನೀರಿನ ಲೆಕ್ಕವೂ ಬೇಕು. ಬಿಸಿಯೂಟ ಮುಗಿದ ಮೇಲೆ ನಲ್ಲಿಗಳ ಮುಂದೆ ಐದು ನಿಮಿಷ ನಿಂತು ನೋಡಿ. ಒಂದು ಕೈ ತಟ್ಟೆ ಹಿಡಿದಿರುತ್ತದೆ, ಇನ್ನೊಂದು ಕೈ ಗೆಳತಿಯ ಜಡೆ ಎಳೆಯುತ್ತಿರುತ್ತದೆ, ನಲ್ಲಿ ತನ್ನ ಪಾಡಿಗೆ ಸುರಿಯುತ್ತಿರುತ್ತದೆ. ಅನ್ನದ ಅಗುಳು ಕಟ್ಟೆಯ ಮೇಲೆ, ಸಾರು ಚರಂಡಿಗೆ, ಅಲ್ಲೇ ಎರಡು ನಾಯಿ. ಇಲ್ಲಿ ಗದರುವ ಮಾಸ್ತರರ ಬದಲು ಬಕೆಟ್ಟು ಹಿಡಿದ ಇಬ್ಬರು ಮಕ್ಕಳು ನಿಲ್ಲಲಿ. ಎಷ್ಟು ಬಕೆಟ್ಟು ತುಂಬಿತು ಎಂದು ಕರಿಹಲಗೆಯ ಮೂಲೆಯಲ್ಲಿ ಬರೆಯಲಿ. ಆ ನೀರು ಕೈತೋಟದ ನುಗ್ಗೆಗೂ ಕರಿಬೇವಿಗೂ ಹೋಗುವಂತೆ ಕಾಲುವೆ ತೋಡುವುದು ಒಂದು ಶನಿವಾರದ ಕೆಲಸ. ಅಡುಗೆಯಕ್ಕನನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಿ. ಎಷ್ಟು ಅನ್ನ ಉಳಿಯುತ್ತದೆ, ಯಾವ ದಿನ ಉಳಿಯುತ್ತದೆ ಎಂದು ಅವಳಿಗೆ ಗೊತ್ತಿರುವಷ್ಟು ಶಿಕ್ಷಣಾಧಿಕಾರಿಗೂ ಗೊತ್ತಿರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಚೆಂದದ ಪ್ರಾಜೆಕ್ಟು ಆಯಿತು, ವಿಜ್ಞಾನ ಸಮಾವೇಶದಲ್ಲಿ ಪ್ರಮಾಣಪತ್ರವೂ ಬಂತು. ನನ್ನ ತಕರಾರು ಇರುವುದೇ ಅಲ್ಲಿ. ಬರೆದಿಟ್ಟ ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ಒಬ್ಬರಾದರೂ ಇರಬೇಕು. ಇಲ್ಲದಿದ್ದರೆ ಮಕ್ಕಳಿಗೆ ಬೇಗ ಬೇಸರ ಬರುತ್ತದೆ, ಬರಬೇಕಾದದ್ದೇ.

ಉತ್ತರ ಕೇಳುವ ಜಾಗ ಕರ್ನಾಟಕದಲ್ಲಿ ಆಗಲೇ ಇದೆ. 1995ರಲ್ಲಿ ಕುಂದಾಪುರ ತಾಲ್ಲೂಕಿನ ಕೆಲವು ಪಂಚಾಯಿತಿಗಳಲ್ಲಿ ದುಡಿಯುವ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದು, ‘ಕನ್ಸರ್ನ್‌ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’, ಮಕ್ಕಳ ಪಂಚಾಯಿತಿಗಳನ್ನು ಶುರು ಮಾಡಿತು. ಅಲ್ಲಿಯ ಮಕ್ಕಳು ಊರಿನ ನಕ್ಷೆ ಬರೆದರು, ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು ಎನ್ನುವಂಥ ಬೇಡಿಕೆಗಳನ್ನು ದೊಡ್ಡವರ ಮುಂದಿಟ್ಟರು. ಆ ಅನುಭವ ಬೆಳೆದು 2007ರ ಹೊತ್ತಿಗೆ ಮಕ್ಕಳ ಗ್ರಾಮಸಭೆ ರಾಜ್ಯದ ಎಲ್ಲ ಪಂಚಾಯಿತಿಗಳಿಗೂ ಬಂತು. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ. ಮಕ್ಕಳು ಕೇಳಬೇಕು, ಪಂಚಾಯಿತಿ ಉತ್ತರಿಸಬೇಕು. ದೇಶದಲ್ಲಿ ಇಂಥದ್ದನ್ನು ಮೊದಲು ಮಾಡಿದವರಲ್ಲಿ ನಾವೂ ಇದ್ದೇವೆ ಎಂದು ಎದೆ ತಟ್ಟಿಕೊಳ್ಳಬಹುದು.

ಆದರೆ ಸಭೆ ಹೇಗೆ ನಡೆಯುತ್ತದೆ? ಶಾಮಿಯಾನ, ಸ್ವಾಗತ ಗೀತೆ, ಮುಖ್ಯ ಅತಿಥಿಗಳ ಹಿತವಚನ. ಮಕ್ಕಳು ಹಿಂದಿನ ದಿನ ಬಾಯಿಪಾಠ ಮಾಡಿದ ಬೇಡಿಕೆ ಒಪ್ಪಿಸುತ್ತಾರೆ, “ನಮ್ಮ ಶಾಲೆಗೆ ಕಾಂಪೌಂಡ್ ಬೇಕು.” ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದ್ದು “ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದು” ಅನ್ನುತ್ತಾರೆ. ಚಪ್ಪಾಳೆ, ಬಿಸ್ಕೀಟು. ಮರುವರ್ಷ ಅದೇ ಕಾಂಪೌಂಡು, ಹುಡುಗಿ ಮಾತ್ರ ಬೇರೆ. ಪಿಡಿಒ ಅವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಬೇಡಿಕೆಯ ಬೆನ್ನಿಗೆ ಲೆಕ್ಕ ಇಲ್ಲದಿದ್ದರೆ ಅದು ಕಡತಕ್ಕೆ ಏರುವುದಿಲ್ಲ, ಕಚೇರಿಯ ಸ್ವಭಾವವೇ ಹಾಗೆ. “ನೆರಳು ಬೇಕು” ಅನ್ನುವುದಕ್ಕೂ “ನಾಲ್ಕನೇ ತರಗತಿಯ ತಗಡಿನ ಕೋಣೆ ಮಾರ್ಚಿಯಲ್ಲಿ ಇಷ್ಟು ದಿನ ಇಷ್ಟು ಡಿಗ್ರಿ ದಾಟಿದೆ, ಇಲ್ಲಿದೆ ರಿಜಿಸ್ಟರು” ಅನ್ನುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದನ್ನು ನಡಾವಳಿಯಲ್ಲಿ ಬರೆಯಲೇಬೇಕಾಗುತ್ತದೆ. ಕೈತೋಟ, ಮಳೆನೀರು ಕೊಯ್ಲು, ಕಾಂಪೌಂಡು, ಇವೆಲ್ಲ ನರೇಗಾದ ದುಡ್ಡಿನಲ್ಲಿ ರಾಜ್ಯದ ಎಷ್ಟೋ ಶಾಲೆಗಳಲ್ಲಿ ಆಗಿವೆ. ಆಗದ ಕೆಲಸವೇನಲ್ಲ.

ನಾರದಮುನಿಯ ಗುಡಿ ಇರುವ ಚಿಗಟೇರಿಯಲ್ಲಿ ನಿಂತು ಅವನನ್ನು ನೆನೆಯದೆ ಹೋದರೆ ತಪ್ಪಾದೀತು. ಮೂರು ಲೋಕ ಸುತ್ತಿ ಒಂದು ಕಡೆಯ ಸುದ್ದಿ ಇನ್ನೊಂದು ಕಡೆ ಮುಟ್ಟಿಸುವುದು ಅವನ ಕೆಲಸ, ಜಗಳ ಹತ್ತಿದರೂ ಚಿಂತೆಯಿಲ್ಲ. ಹೊಲದ ಸುದ್ದಿ ಕಚೇರಿಗೂ ಕಚೇರಿಯ ಸುದ್ದಿ ಹೊಲಕ್ಕೂ ಒಯ್ಯುವ ಕೆಲಸವನ್ನು ನಮ್ಮ ಮಕ್ಕಳೂ ಹಾಗೇ ಮಾಡಬಲ್ಲರು.

ಜಗಳ ಹತ್ತುತ್ತದೆ ಎಂಬ ಹೆದರಿಕೆ ಶಿಕ್ಷಕರಿಗೆ ಇರುವುದು ನನಗೆ ಗೊತ್ತು. 2021ರ ಫೆಬ್ರುವರಿಯಲ್ಲಿ ಬೆಂಗಳೂರಿನ ದಿಶಾ ರವಿ ಎಂಬ ಇಪ್ಪತ್ತೆರಡರ ಹವಾಮಾನ ಕಾರ್ಯಕರ್ತೆಯನ್ನು ದೆಹಲಿ ಪೊಲೀಸರು ಬಂಧಿಸಿದರು, ಹತ್ತು ದಿನದ ಮೇಲೆ ಜಾಮೀನು ಸಿಕ್ಕಿತು. ಅಂಥ ಸುದ್ದಿ ಓದಿದ ಮೇಲೆ ತಾಯಿತಂದೆ, “ನಮ್ಮ ಹುಡುಗಿ ಓದಿಕೊಂಡಿದ್ದರೆ ಸಾಕು” ಅನ್ನುವುದು ಸಹಜ. ಅದಕ್ಕೇ ಮಕ್ಕಳು ಗ್ರಾಮಸಭೆಗೆ ಕೊಡುವ ಅರ್ಜಿಯ ಕೆಳಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ದೊಡ್ಡವರು ರುಜು ಹಾಕಬೇಕು. ಮರಳಿನ ಲಾರಿಯ ಬಗ್ಗೆಯೋ ಕೆರೆ ಒತ್ತುವರಿಯ ಬಗ್ಗೆಯೋ ಮಗು ಪ್ರಶ್ನೆ ಎತ್ತಿದರೆ ಆ ಪ್ರಶ್ನೆ ಶಾಲೆಯದಾಗಬೇಕು, ಮಗುವಿನ ಹೆಸರು ಹೊರಗೆ ಬರಬಾರದು. ಗೈರು ಹಾಜರಿಯ ಲೆಕ್ಕಕ್ಕೂ ಇದೇ ಮಾತು. ಎಷ್ಟು ಮಕ್ಕಳು ಗುಳೆ ಹೋದರು ಎಂದು ಬರೆಯಿರಿ, ಯಾರು ಎಂದು ಸಭೆಯಲ್ಲಿ ಓದಬೇಡಿ. ಬಡತನ ಪ್ರದರ್ಶನಕ್ಕಿಡುವ ವಸ್ತುವಲ್ಲ.

ಕಾನೂನು ಮಕ್ಕಳ ಮಾತಿಗೆ ಕಿವಿಗೊಡಲು ಈಗೀಗ ಶುರುಮಾಡಿದೆ. 2023ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಪರಿಸರ ಮತ್ತು ಹವಾಮಾನದ ಬಗ್ಗೆ 26ನೇ ಸಾಮಾನ್ಯ ವ್ಯಾಖ್ಯೆ ಹೊರಡಿಸುವ ಮುನ್ನ 121 ದೇಶಗಳ 16 ಸಾವಿರಕ್ಕೂ ಹೆಚ್ಚು ಮಕ್ಕಳ ಅಭಿಪ್ರಾಯ ಕೇಳಿತು. ಅದೇ ವರ್ಷ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಹದಿನಾರು ಮಂದಿ ಮಕ್ಕಳು ಮತ್ತು ಯುವಕರು ತಮ್ಮ ಸರ್ಕಾರದ ವಿರುದ್ಧ ಮೊಕದ್ದಮೆ ಗೆದ್ದರು. ಕಾಡ್ಗಿಚ್ಚಿನ ಹೊಗೆ, ಬತ್ತಿದ ಹೊಳೆ ಎಂದು ಕಣ್ಣಾರೆ ಕಂಡದ್ದನ್ನು ಅವರು ಸಾಕ್ಷಿಕಟ್ಟೆಯಲ್ಲಿ ಹೇಳಿದ್ದರು. ನಮ್ಮ ಸುಪ್ರೀಂ ಕೋರ್ಟು 2024ರಲ್ಲಿ, ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಉಳಿವಿನ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಅಡಕವಾದ ಹಕ್ಕು ಎಂದಿತು. ಆ ಹಕ್ಕಿ ಕರ್ನಾಟಕದಲ್ಲಿ ಕೊನೆಯದಾಗಿ ಉಳಿದಿರುವುದು ಪಕ್ಕದ ಸಿರುಗುಪ್ಪದ ಎರೆ ಹೊಲಗಳಲ್ಲಿ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇವೆ?

ಹತ್ತಿರದ ಇನ್ನೊಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಹಿಂದಿನವರು ನೀರಾವರಿಗೆ ಕಟ್ಟಿದ ಕೆರೆ, 98.76 ಹೆಕ್ಟೇರ್. ಅದರ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2024ರ ಜನವರಿಯಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತೇ ಗುರುತಿಸಿದ ಜೌಗುಭೂಮಿ. ಅದು ಪಕ್ಷಿ ಸಂರಕ್ಷಣಾ ಮೀಸಲು ಕೂಡ. ವನ್ಯಜೀವಿ ಕಾಯ್ದೆಯ ಪ್ರಕಾರ ಇಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆಗೆ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು, ಸ್ವಯಂಸೇವಾ ಸಂಸ್ಥೆಯವರು, ಕೃಷಿ, ಪಶುಸಂಗೋಪನೆಯವರು ಇರಬೇಕು. ಶಾಲೆಗೆ ಕುರ್ಚಿ ಇಲ್ಲ. ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. ಕೆರೆಯ ಸುತ್ತಲಿನ ಶಾಲೆಗಳ ಮಕ್ಕಳು ನೀರಿನ ಮಟ್ಟ ಯಾವಾಗ ಎಷ್ಟಿತ್ತು, ಹಕ್ಕಿ ಯಾವಾಗ ಬಂತು, ಯಾವಾಗ ಹೋಯಿತು ಎಂದು ಬರೆದು ಪಂಚಾಯಿತಿ ಪ್ರತಿನಿಧಿಯ ಕೈಗೆ ಕೊಟ್ಟರೆ, ಅವರು ಸಮಿತಿಯಲ್ಲಿ ಮೇಜಿನ ಮೇಲಿಡಲು ಅಡ್ಡಿಯೇನು? ಅಂಕಸಮುದ್ರದಲ್ಲಿ ಆಗುವುದು ಚಿಗಟೇರಿ ಹೋಬಳಿಯ ಕೆರೆಗಳಲ್ಲೂ ಆಗಬಹುದು, ಅವುಗಳಿಗೆ ರಾಮ್ಸಾರ್ ಫಲಕ ಇಲ್ಲದಿದ್ದರೂ.

ಪಂಚಾಯಿತಿ ಸದಸ್ಯರು ಇಲ್ಲೇ ಕೂತಿದ್ದೀರಿ, ಅದಕ್ಕೇ ನೇರವಾಗಿ ಕೇಳುತ್ತೇನೆ. ಈ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಸ್ವಾಗತ ಗೀತೆಗಿಂತ ಮುಂಚೆ ಹೋದ ವರ್ಷದ ಬೇಡಿಕೆಗಳ ಅನುಪಾಲನಾ ವರದಿ ಓದಿ. ಆಗಿದ್ದು, ಆಗದ್ದು, ಆಗದಿದ್ದರೆ ಯಾಕೆ. ಓದುವುದನ್ನು ಒಬ್ಬ ವಿದ್ಯಾರ್ಥಿಗೆ ಬಿಡಿ, ವಿವರಣೆ ನೀವು ಕೊಡಿ. ಹೆಡ್‌ಮಾಸ್ತರರು ಮಳೆ ರಿಜಿಸ್ಟರನ್ನು ಹಾಜರಿ ಪುಸ್ತಕದ ಪಕ್ಕದಲ್ಲೇ ಇಡಲಿ, ತಪಾಸಣೆಗೆ ಬಂದ ಅಧಿಕಾರಿಗಳು ಎರಡಕ್ಕೂ ಸಹಿ ಹಾಕಲಿ. ಬಾಟಲಿ, ಅಳತೆಪಟ್ಟಿ, ಮೂರು ಥರ್ಮಾಮೀಟರು, ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಇದರ ಖರ್ಚು ಇವತ್ತಿನ ಈ ಸಭೆಯ ಹಾರ-ಶಾಲುಗಳಿಗಿಂತ ಹೆಚ್ಚಾಗುವುದಿಲ್ಲ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಜಮಖಾನದ ಮೇಲೆ ಕೂತ ಮಕ್ಕಳು ಮೊದಲು, ಕುರ್ಚಿಯ ಮೇಲಿನ ದೊಡ್ಡವರು ಆಮೇಲೆ.